‘ರಷಿಂಗ್ ಯಾರ್ಡ್ಸ್’ ಅಂದರೆ ಓಡಿದ ಗಜಗಳೇ?

ವಾಲ್ಟರ್ ಪೇಟನ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಿಸಿಸಿಪ್ಪಿಯ ಕೊಲಂಬಿಯಾದವರು. 1975ರಿಂದ 1987ರವರೆಗೆ ಅಮೆರಿಕನ್ ಫುಟ್‌ಬಾಲ್‌ನ ಶಿಕಾಗೋ ಬೇರ್ಸ್ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ. ‘ರನ್ನಿಂಗ್ ಬ್ಯಾಕ್’ ಅನ್ನುವ ಹೆಸರನ್ನು ಹಾಗೇ ಉಳಿಸಿಕೊಂಡಿದ್ದೇನೆ. ತನ್ನ ತಂಡದ ಮುಂದಿನ ಸಾಲಿನ ಹಿಂದೆ ನಿಲ್ಲುವುದರಿಂದ ‘ಬ್ಯಾಕ್’, ಓಡುವುದು ಮುಂದಕ್ಕೇ ಅಂತ ಒಮ್ಮೆ ಹೇಳಿದರೆ ಓದುಗರಿಗೆ ಸಾಕು.

ನನಗೆ ತೊಡಕಾಗಿರುವುದು ‘ರಷಿಂಗ್ ಯಾರ್ಡ್ಸ್’, ಅಂದರೆ ಚೆಂಡು ಹಿಡಿದು ಓಡಿ ಆಟಗಾರ ತಂಡವನ್ನು ಎಷ್ಟು ಗಜ ಮುಂದೆ ತಂದ ಅನ್ನುವ ಲೆಕ್ಕ. ಪೇಟನ್ ಅವರ ಲೆಕ್ಕ 16,726. ನಿವೃತ್ತಿಯಾದಾಗ ಅದೇ ದಾಖಲೆ. ‘16,726 ಗಜ ಓಡಿದರು’ ಅಂತ ಬರೆದರೆ ಸುಳ್ಳಾಗುತ್ತದೆ. ಆಟಗಾರ ಅಡ್ಡಡ್ಡ ಮೂವತ್ತು ಗಜ ಓಡಿ, ಆಟ ಶುರುವಾದ ಗೆರೆಯಿಂದ ಎರಡೇ ಗಜ ಮುಂದೆ ಬಿದ್ದರೆ ಸಿಗುವುದು ಎರಡೇ ಗಜ. ಗೆರೆಯ ಹಿಂದೆಯೇ ಸಿಕ್ಕಿಬಿದ್ದರೆ ಇದ್ದದ್ದರಲ್ಲೂ ಕಳೆಯುತ್ತಾರೆ. ಅಂದರೆ ಇದು ಎದುರಾಳಿಗಳಿಂದ ಕಿತ್ತುಕೊಂಡ ನೆಲ, ಓಡಿದ ದೂರ ಅಲ್ಲ. ‘ಓಟ’ ಅಂದರಂತೂ ನಮ್ಮವರಿಗೆ ಕ್ರಿಕೆಟ್ಟೇ ನೆನಪಾಗುವುದು, ಅಲ್ವಾ?

‘ನುಗ್ಗಿ ಗಳಿಸಿದ ಗಜ’ ನನಗೆ ಹೆಚ್ಚು ಒಪ್ಪುತ್ತದೆ. 1977ರ ನವೆಂಬರ್ 20ರ ಪಂದ್ಯ ನೋಡಿ. ಪೇಟನ್‌ಗೆ ಫ್ಲೂ. ಆದರೂ ಮಿನೆಸೋಟ ವೈಕಿಂಗ್ಸ್ ವಿರುದ್ಧ 40 ಸಲ ಚೆಂಡು ಹಿಡಿದು ನುಗ್ಗಿ 275 ಗಜ ಗಳಿಸಿದರು. ಬೇರ್ಸ್ ಗೆದ್ದದ್ದು 10-7ರಿಂದ. ಇಲ್ಲಿ ‘ಓಡಿ’ ಅಂತ ಹಾಕಿದರೆ ಆ ದಿನದ ಗುದ್ದಾಟವೇ ಕಾಣುವುದಿಲ್ಲ. ಆದರೆ ‘ನುಗ್ಗು’ ಅಂದಾಗ ಬರೀ ಬಲ ಕಾಣುತ್ತದೆ, ಅವರ ನುಣುಚುವಿಕೆ ಕಾಣುವುದಿಲ್ಲ. ‘ಸ್ವೀಟ್‌ನೆಸ್’ ಅಂತ ಕರೆಸಿಕೊಂಡವರು ಅವರು. ಈ ಕೊರತೆ ನನ್ನನ್ನು ಇನ್ನೂ ಕಾಡುತ್ತಿದೆ.

ಇನ್ನೊಂದು ಮಾತು ‘ಸ್ಟಿಫ್ ಆರ್ಮ್’. ಹಿಡಿಯಲು ಬಂದವನ ಎದೆಗೋ ಹೆಗಲಿಗೋ ಮೊಣಕೈ ಮಡಚದೆ ಅಂಗೈ ಕೊಟ್ಟು ದೂರ ತಳ್ಳುವುದು. ಪೇಟನ್ ಪಕ್ಕದ ಗೆರೆ ದಾಟಿ ಸುಲಭವಾಗಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎದುರಾಳಿಗೆ ತಾವೇ ಡಿಕ್ಕಿ ಕೊಡುತ್ತಿದ್ದರು. ‘ಕೈಕೊಟ್ಟರು’ ಅಂದರೆ ಅರ್ಥವೇ ಕೆಡುತ್ತದೆ. ‘ಕೈಯೊಡ್ಡಿದರು’ ಅಂದರೆ ಬೇಡಿದ ಹಾಗಾಗುತ್ತದೆ. ಸದ್ಯಕ್ಕೆ ‘ಸೆಟೆಗೈ’ ಅಂತ ಬರೆದಿಟ್ಟಿದ್ದೇನೆ. ಕಬಡ್ಡಿ, ಕುಸ್ತಿ ಆಡಿದವರ ಬಾಯಲ್ಲಿ ಇಂಥ ತಳ್ಳುವಿಕೆಗೆ ಬಳಕೆಯ ಮಾತು ಇದ್ದರೆ ಯಾವ ಊರಿನ ಕಡೆಯದು ಅನ್ನುವುದನ್ನೂ ಸೇರಿಸಿ ತಿಳಿಸಿ.