ಯಲಹಂಕ–ಚಿಕ್ಕಬಳ್ಳಾಪುರ–ಬಂಗಾರಪೇಟೆ ರೈಲು ಹಾದಿ ಹಾಕಿಸಿದವರು ಯಾರು?

ಪ್ರಶ್ನೆ (ಯಲಹಂಕ ಉಪನಗರ):
ಚಿಕ್ಕಬಳ್ಳಾಪುರದ ಕಡೆ ರೈಲಿನಲ್ಲಿ ಹೋಗುವಾಗ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಹೆಂಚು ಹೊದಿಸಿದ ಪುಟ್ಟ ನಿಲ್ದಾಣಗಳು ಕಾಣುತ್ತವೆ. ಬ್ರಿಟಿಷ್ ಅಧಿಕಾರಿಗಳು ನಂದಿಬೆಟ್ಟಕ್ಕೆ ಹೋಗಿಬರಲೆಂದು ಈ ಹಾದಿಯನ್ನು ಹಾಕಿಸಿದರೆಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಈಗಿನ ಬ್ರಾಡ್ ಗೇಜ್ (ಅಗಲ ಹಳಿಯ) ಹಾದಿ ಬರಲು 2013ರವರೆಗೆ ತಡವಾದದ್ದೇಕೆ?

ಉತ್ತರ 1 (ಮಲ್ಲೇಶ್ವರ, ಹುಟ್ಟೂರು ಚಿಂತಾಮಣಿ):
ನಂದಿಬೆಟ್ಟದ ಕಥೆ ಕೇಳಲು ಚೆನ್ನಾಗಿದೆ, ಆದರೆ ಹುರುಳಿಲ್ಲ. ಇದು ಮೈಸೂರು ಸಂಸ್ಥಾನದ ಕಾಲದ, ಅದರಲ್ಲೂ ಬಹುಪಾಲು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳ (1912–1918) ಕೆಲಸ. ಹಾದಿ ಎರಡು ತುದಿಗಳಿಂದ ಬೆಳೆಯಿತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ರೈಲು ಬಂದು, ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿತು. ಬೆಂಗಳೂರಿನ ಕಡೆಯಿಂದ ಬಂದದ್ದು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ. ಊರುಗಳ ಸಾಲನ್ನು ನೋಡಿದರೆ ಇದು ಸಂತೆ, ಮಂಡಿಗಳನ್ನು ಪೋಣಿಸಿದ ಹಾದಿಯೆಂಬುದು ತಾನಾಗಿಯೇ ತಿಳಿಯುತ್ತದೆ.

ಉತ್ತರ 2 (ಕೋಲಾರ):
ಮೇಲಿನ ಉತ್ತರದಲ್ಲಿ ಮುಖ್ಯವಾದ ಸಂಗತಿಯೊಂದು ಬಿಟ್ಟುಹೋಗಿದೆ. ಆಗ ಇದು ಹಳಿಗಳ ನಡುವೆ ಎರಡೂವರೆ ಅಡಿ, ಎಂದರೆ 762 ಮಿಲಿಮೀಟರ್ ಮಾತ್ರ ಅಂತರವಿದ್ದ ನ್ಯಾರೋ ಗೇಜ್ ಹಾದಿ. ಯಲಹಂಕದಲ್ಲಿ ಇದಕ್ಕೆ ಎದುರಾಗುತ್ತಿದ್ದುದು ಒಂದು ಮೀಟರ್ ಅಂತರದ ಮೀಟರ್ ಗೇಜ್, ಬಂಗಾರಪೇಟೆಯಲ್ಲಿ ಮದರಾಸಿಗೆ ಹೋಗುವ ಬ್ರಾಡ್ ಗೇಜ್. ಆದ್ದರಿಂದ ಶ್ರೀನಿವಾಸಪುರದ ಮಾವಾಗಲಿ ಚಿಂತಾಮಣಿಯ ಕಾಳಾಗಲಿ ಯಾವ ತುದಿಯಿಂದ ಹೊರಟರೂ ಸರಕನ್ನು ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ತುಂಬಲೇಬೇಕಿತ್ತು. ಕೂಲಿಯೂ ಹೆಚ್ಚು, ಹೊತ್ತೂ ಹೆಚ್ಚು. ಅಂಗಡಿಯ ಬಾಗಿಲಿಗೇ ಬರುವ ಲಾರಿಯ ಮುಂದೆ ಇಂಥ ರೈಲು ನಿಲ್ಲುವುದಾದರೂ ಹೇಗೆ? 1990ರ ದಶಕದಲ್ಲಿ ಎರಡು ತುದಿಗಳನ್ನು ಮಾತ್ರ ಬ್ರಾಡ್ ಗೇಜ್ ಮಾಡಿದ್ದರಿಂದ ನ್ಯಾರೋ ಗೇಜ್ ಆಗಿಯೇ ಉಳಿದ ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಭಾಗ 2013ರವರೆಗೆ ಅತಂತ್ರವಾಯಿತು. ನನ್ನ ದೃಷ್ಟಿಯಲ್ಲಿ ದೊಡ್ಡ ಎಡವಟ್ಟು ಆದದ್ದು ಅಲ್ಲಿಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಹಳೆಯ ಕಟ್ಟಡಗಳು ಈಗ ಯಾವುದಕ್ಕೆ ಬಳಕೆಯಾಗುತ್ತಿವೆ?

ಉತ್ತರ 3 (ದೇವನಹಳ್ಳಿ):
ಬಹುಕಾಲ ಹಾಳುಬಿದ್ದಿದ್ದವು, ಹೆಂಚು ಜಾರಿ, ಟಿಕೆಟ್ ಕಿಂಡಿಯ ಚೌಕಟ್ಟನ್ನು ಗೆದ್ದಲು ತಿಂದು, ಪ್ಲಾಟ್‌ಫಾರ್ಮಿನ ಬಿರುಕುಗಳಲ್ಲಿ ಆಲದ ಸಸಿ ಬೇರೂರಿದ್ದನ್ನು ನಾನೇ ನೋಡಿದ್ದೇನೆ. ಇತ್ತೀಚೆಗೆ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಇವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಗೋಡೆಗೆ ಬಣ್ಣ ಬಳಿದರಷ್ಟೇ ಸಾಲದು, ನಿತ್ಯ ಪ್ರಯಾಣಿಕರು ಅಲ್ಲಿ ಕುಳಿತುಕೊಳ್ಳುವಂತಾಗಬೇಕು. 2021ರಲ್ಲಿ ದೊಡ್ಡಜಾಲ ಮತ್ತು ದೇವನಹಳ್ಳಿಗಳ ನಡುವೆ ವಿಮಾನ ನಿಲ್ದಾಣಕ್ಕೆಂದು ಹೊಸ ಹಾಲ್ಟ್ ಬಂದಿದೆ, ಆದರೆ ಬೆಳಗಿನ ವಿಮಾನ ಹಿಡಿಯುವವರಿಗೆ ಒದಗುವ ಹೊತ್ತಿನಲ್ಲಿ ರೈಲು ಇದೆಯೇ ಎಂಬುದನ್ನು ವೇಳಾಪಟ್ಟಿ ನೋಡಿಕೊಂಡೇ ಹೊರಡಿ.