ಪಾಸ್ಖ ಜಾಗರಣೆ: ಒಂದು ಫಾರ್ವರ್ಡು, ಐದು ತಕರಾರು

ಚಿಕ್ಕಪ್ಪ: *ಫಾರ್ವರ್ಡ್ ಆಗಿ ಬಂದದ್ದು*
ಪಾಸ್ಖ ಜಾಗರಣೆ (ಕಥೋಲಿಕ ಚರ್ಚಿನಲ್ಲಿ ಈಸ್ಟರ್ ಹಿಂದಿನ ಶನಿವಾರ ರಾತ್ರಿಯ ಪೂಜೆ) – ಸಣ್ಣ ಧರ್ಮಕೇಂದ್ರಗಳಿಗೆ ಸುಲಭ ಪಟ್ಟಿ.
1. ಸಂಜೆ 5.30ಕ್ಕೆ ಶುರು ಮಾಡಿ, 7ಕ್ಕೆ ಮುಗಿಸಿ.
2. ಕಳೆದ ವರ್ಷದ ಪಾಸ್ಖ ಬತ್ತಿಯ (ಆ ರಾತ್ರಿ ಹಚ್ಚುವ ದೊಡ್ಡ ಮೇಣದಬತ್ತಿ) ಮೇಲಿನ ಇಸವಿಯ ಕೊನೆಯ ಅಂಕಿ ಕಿತ್ತು ಹೊಸದು ಅಂಟಿಸಿ.
3. ಬೈಬಲಿನ ಹಳೆಯ ಒಡಂಬಡಿಕೆಯಿಂದ ಒಂದೇ ವಾಚನ ಸಾಕು.
4. ಮಹಿಮೆ ಗೀತೆವರೆಗೆ (ಹಳೆಯ ಒಡಂಬಡಿಕೆ ವಾಚನಗಳ ನಂತರದ ಸ್ತುತಿಗೀತೆ) ಲೈಟ್ ಹಾಕಬೇಡಿ.
5. ಸಂತರ ಪ್ರಾರ್ಥನಾಮಾಲೆ (ಸಂತರ ಹೆಸರು ಹೇಳಿ ಬೇಡುವ ಪ್ರಾರ್ಥನೆ) ಕಡ್ಡಾಯ.
ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ಜನ ಕಡಿಮೆ ಇರೋ ಕಡೆ ಇಷ್ಟು ಸಾಕಲ್ವಾ?

ಅಕ್ಕ: ಚಿಕ್ಕಪ್ಪ, ಐದರಲ್ಲಿ ಒಂದೂ ಸರಿಯಿಲ್ಲ.

ಅತ್ತೆ: ನಾಲ್ಕನೇದು ಸರಿಯಾಗೇ ಇದೆ.

ದೊಡ್ಡಪ್ಪ: ಮೊದಲು ಒಂದನೇದು ನೋಡೋಣ. ಕತ್ತಲಾದ ಮೇಲೆ ಶುರು, ಭಾನುವಾರ ಬೆಳಕು ಹರಿಯೋದ್ರೊಳಗೆ ಮುಗಿಯಬೇಕು. ಪೂಜಾಗ್ರಂಥದಲ್ಲೇ ಇದೆ. ಶನಿವಾರ ಸಂಜೆಯ ಮಾಮೂಲಿ ಪೂಜೆ ಹೊತ್ತಿಗೆ ಜಾಗರಣೆ ಮಾಡೋದು ಖಂಡನೀಯ ಅಂತ ವ್ಯಾಟಿಕನ್ನಿನ 1988ರ ಸುತ್ತೋಲೆ ನೇರವಾಗಿ ಹೇಳುತ್ತೆ.

ಚಿಕ್ಕಪ್ಪ: ಅಣ್ಣ, ಹಿಂದಿನ ಕಾಲದಲ್ಲಿ ಶನಿವಾರ ಬೆಳಿಗ್ಗೆನೇ ಮಾಡ್ತಿದ್ರಲ್ಲ?

ದೊಡ್ಡಪ್ಪ: ಮಾಡ್ತಿದ್ರು. ಬತ್ತಿ ಬೆಳಗಿದ ಮೇಲೆ ಹಾಡೋ ಪಾಸ್ಖ ಘೋಷಣೆಯಲ್ಲಿ "ಇದೇ ಆ ರಾತ್ರಿ" ಅಂತ ಹಾಡೋದು, ಕಿಟಕಿ ತುಂಬ ಬಿಸಿಲು. ಅದು ಸರಿಯಲ್ಲ ಅಂತಲೇ 12ನೇ ಪಿಯುಸ್ ಪೋಪ್ 1951ರಲ್ಲಿ ಪ್ರಯೋಗವಾಗಿ ರಾತ್ರಿಗೆ ತಂದರು. 1956ರಿಂದ ಎಲ್ಲ ಕಡೆ ರಾತ್ರಿಯೇ. ಅವರು ಸರಿಪಡಿಸಿದ್ದನ್ನು ನಾವು ಮತ್ತೆ ಕೆಡಿಸೋದು ಬೇಡ.

ಭಾವ: ಪಾಸ್ಖ ಬತ್ತಿ ಹೊತ್ತಿಸೋಕೆ ಹಾಕೋ ಬೆಂಕಿನ 5.30ಕ್ಕೆ ಹಚ್ಚಿದ್ರೆ ಅದು ಕಾಣೋದೂ ಇಲ್ಲ ಮಾವ.

ಚಿಕ್ಕಪ್ಪ: ಸರಿ, ಬತ್ತಿ? ಅರ್ಧ ಉಳಿದಿರುತ್ತೆ. ಸಣ್ಣ ಧರ್ಮಕೇಂದ್ರಕ್ಕೆ ಅದೂ ಖರ್ಚೇ.

ದೊಡ್ಡಪ್ಪ: ಪ್ರತಿ ವರ್ಷ ಹೊಸದು, ನಿಜವಾದ ಮೇಣದ್ದು, ಒಂದೇ ಒಂದು. ಒಳಗೆ ಎಣ್ಣೆ ತುಂಬಿದ ಪ್ಲಾಸ್ಟಿಕ್ ಕೊಳವೆ ಲೆಕ್ಕಕ್ಕಿಲ್ಲ. ಖರ್ಚಿನ ಚಿಂತೆ ಇದ್ರೆ ಚಿಕ್ಕದು ತಗೊಳ್ಳಿ. ಆದರೆ ತೀರಾ ಸಣ್ಣದಾದರೆ ಹಿಂದಿನ ಸಾಲಿನವರಿಗೆ ಕಾಣಲ್ಲ, ಪೆಂತೆಕೋಸ್ತ್ (ಈಸ್ಟರ್‌ನ 50ನೇ ದಿನದ ಹಬ್ಬ) ಆದಮೇಲೂ ವರ್ಷವಿಡೀ ಜ್ಞಾನಸ್ನಾನಕ್ಕೆ, ಶವಸಂಸ್ಕಾರಕ್ಕೆ ಹಚ್ಚೋಕೆ ಉಳಿಯಲ್ಲ.

ಬತ್ತಿ ಮೇಲಿನ ಗುರುತುಗಳ ಕ್ರಮ: ಶಿಲುಬೆ, ಅದರ ಮೇಲೆ ಆಲ್ಫಾ, ಕೆಳಗೆ ಒಮೇಗಾ (ಗ್ರೀಕಿನ ಮೊದಲ, ಕೊನೆಯ ಅಕ್ಷರ). ವರ್ಷದ ನಾಲ್ಕು ಅಂಕಿ ಶಿಲುಬೆಯ ನಾಲ್ಕು ಮೂಲೆಗೆ: ಮೊದಲೆರಡು ಮೇಲೆ ಎಡ, ಬಲ, ಉಳಿದೆರಡು ಕೆಳಗೆ ಎಡ, ಬಲ. ಐದು ಧೂಪದ ಹರಳು ಚುಚ್ಚೋ ಜಾಗದಲ್ಲಿ ಹಗಲೇ ಕಾದ ಮೊಳೆಯಿಂದ ತೂತು ಮಾಡಿಡಿ. ಕತ್ತಲಲ್ಲಿ ತಣ್ಣಗಿನ ಮೇಣಕ್ಕೆ ಒತ್ತಿದ್ರೆ ಹರಳು ಮುರಿಯುತ್ತೆ, ಇಲ್ಲ ಮೇಣ ಸೀಳುತ್ತೆ. ಹೊಸ ಬತ್ತಿಯ ತಲೆಯಲ್ಲಿ ನೂಲು ಮೇಣದೊಳಗೆ ಹುದುಗಿದ್ರೆ ಬೇಗ ಹೊತ್ತಲ್ಲ. ಮೇಣ ಕೆರೆದು ನೂಲು ಬಿಡಿಸಿಡಿ.

ಭಾವ: ಬೆಂಕಿಗೆ ಸೀಮೆಎಣ್ಣೆ ಸುರಿಯೋ ಅಭ್ಯಾಸವೂ ಬಿಡಬೇಕು. ಧೂಪಾರತಿಗೆ ಅದೇ ಬೆಂಕಿಯ ಕೆಂಡ ಹಾಕೋದು. ಎಣ್ಣೆ ವಾಸನೆ ಧೂಪದ ಜೊತೆ ಒಳಗೆಲ್ಲ ಸುತ್ತುತ್ತೆ. ಗಾಳಿಗೆ ಉರಿ ಭಗ್ ಅಂದ್ರೆ ಉಡುಪಿಗೂ ತಗಲಬಹುದು. ತೆಳುವಾಗಿ ಸೀಳಿದ ಒಣ ಕಟ್ಟಿಗೆ, ಕೆಳಗೆ ಸಿಪ್ಪೆ, ಸಾಕು. ಕೆಂಡ ಬೇಕಲ್ಲ, ಹಾಗಾಗಿ ಇದ್ದಿಲು ಮುಂಚೆಯೇ ಬೆಂಕಿಯೊಳಗೆ ಇರಬೇಕು. ಉದ್ದ ಇಕ್ಕಳ, ಉದ್ದ ಹಚ್ಚುಬತ್ತಿ, ಪುಸ್ತಕಕ್ಕೆ ಟಾರ್ಚು, ಪಕ್ಕದಲ್ಲಿ ಒಂದು ಬಕೆಟ್ ಮರಳು. ಇಕ್ಕಳ ಮರೆತರೆ ಮೆರವಣಿಗೆಯೇ ನಿಲ್ಲುತ್ತೆ.

ಪುಟ್ಟ: ಜನರ ಕೈಯ ಬತ್ತಿ ಹಚ್ಚುವಾಗ ಯಾವುದನ್ನ ವಾಲಿಸಬೇಕು?

ಭಾವ: ಹೊತ್ತದ್ದು ನೆಟ್ಟಗಿರಲಿ, ಹೊತ್ತಿಲ್ಲದ್ದನ್ನ ವಾಲಿಸು. ಉಲ್ಟಾ ಮಾಡಿದ್ರೆ ಪಕ್ಕದವರ ಕೈ ಮೇಲೆ ಮೇಣ.

ಅಕ್ಕ: ವಾಚನಕ್ಕೆ ಬನ್ನಿ. ಹಳೆಯ ಒಡಂಬಡಿಕೆಯವು 7, ಹೊಸದರಿಂದ ಪ್ರೇಷಿತರ ಪತ್ರ ಒಂದು, ಶುಭಸಂದೇಶ ಒಂದು, ಒಟ್ಟು 9. ಅನಿವಾರ್ಯವಾದ್ರೆ ಹಳೆಯದ್ದನ್ನ 3ಕ್ಕೆ ಇಳಿಸಬಹುದು. ಆದರೆ ವಿಮೋಚನಕಾಂಡ 14, ಸಮುದ್ರ ದಾಟಿದ ಭಾಗ, ಯಾವ ಕಾರಣಕ್ಕೂ ಬಿಡುವಂತಿಲ್ಲ. ಒಂದೇ ಅಂತ ಇಟ್ಟುಕೊಂಡವರು ಸಾಮಾನ್ಯವಾಗಿ ಆದಿಕಾಂಡ ಓದಿ ಇದನ್ನೇ ಬಿಡ್ತಾರೆ.

ಚಿಕ್ಕಪ್ಪ: ಓದೋಕೆ ಜನ ಎಲ್ಲಿ?

ಅಕ್ಕ: ಒಬ್ಬರೇ ಎರಡು ಓದಬಹುದು. ಬಿಗಿ ಬೀಳೋದು ಪ್ರತಿ ವಾಚನದ ನಂತರ ಹಾಡೋ ಕೀರ್ತನೆಗೆ. ಗಾನವೃಂದ ಏಳಕ್ಕೂ ಹೊಸ ರಾಗ ಕಲಿಯೋಕೆ ಹೋಗಿ ಸುಸ್ತಾಗುತ್ತೆ.

ಅತ್ತೆ: ಅದು ನಿಜ. ಪಲ್ಲವಿ ಹಾಡಿ, ಚರಣ ಓದಿಸೋದು ಮೇಲು. ಇಲ್ಲವೇ ಕೀರ್ತನೆ ಬದಲು ಸ್ವಲ್ಪ ಹೊತ್ತು ಮೌನಕ್ಕೂ ಅವಕಾಶ ಇದೆ. ಸಮುದ್ರ ದಾಟಿದ ವಾಚನದ ನಂತರದ ಮೋಶೆಯ ಗೀತೆ ಮಾತ್ರ ಹಾಡಲೇಬೇಕು ಅನ್ನೋದು ನನ್ನ ಪಟ್ಟು. ಪಾಸ್ಖ ಘೋಷಣೆಯನ್ನ ಗುರುವೋ ಡೀಕನ್ನೋ (ಗುರುವಿಗಿಂತ ಕೆಳಗಿನ ದೀಕ್ಷೆ ಪಡೆದವರು) ಅಲ್ಲದವರು ಹಾಡಿದ್ರೆ "ಪ್ರಭು ನಿಮ್ಮೊಡನೆ ಇರಲಿ" ಬಿಟ್ಟು ಹಾಡಬೇಕು, ಹಾಳೆಯಲ್ಲಿ ಮೊದಲೇ ಗೆರೆ ಎಳೆದಿಡಿ. ಈಗ ಲೈಟಿಗೆ ಬನ್ನಿ.

ಅಕ್ಕ: ಬಾಗಿಲಲ್ಲಿ ಒಂದು ಸಲ "ಕ್ರಿಸ್ತರ ಜ್ಯೋತಿ", ಆಮೇಲೆ ಗುರುಗಳ ಬತ್ತಿ ಹೊತ್ತುತ್ತೆ. ದೇವಾಲಯದ ನಡುವೆ ಎರಡನೇ ಸಲ, ಆಮೇಲೆ ಎಲ್ಲರದ್ದೂ. ಪೀಠದ ಮುಂದೆ ಜನರ ಕಡೆ ತಿರುಗಿ ಮೂರನೇದು, ಆಮೇಲೆ ದೇವಾಲಯದ ಲೈಟು. ಪೀಠದ ಬತ್ತಿ ಮಾತ್ರ ಆರಿರುತ್ತೆ. ಹಾಗೆ ಬರೆದಿದೆ ಅತ್ತೆ.

ಅತ್ತೆ: ಬರೆದಿರಬಹುದು. ಕತ್ತಲಲ್ಲಿ ಕಾದು, ಮಹಿಮೆ ಗೀತೆಗೆ ಗಂಟೆ ಬಾರಿಸಿ ಝಗ್ಗನೆ ಬೆಳಕು ಬಂದ್ರೆ ಆ ಸೊಗಸೇ ಬೇರೆ.

ಅಕ್ಕ: ಆ ಸೊಗಸು ಸ್ವಿಚ್ಚಿನದು. ಬೆಳಕು ಬರಬೇಕಾದ್ದು ಪಾಸ್ಖ ಬತ್ತಿಯಿಂದ. ಮಹಿಮೆ ಗೀತೆಗೆ ಅದರದ್ದೇ ಗುರುತಿದೆ: ಪೀಠದ ಬತ್ತಿ ಹೊತ್ತೋದು, ಪವಿತ್ರ ಗುರುವಾರದಿಂದ ಸುಮ್ಮನಿದ್ದ ಗಂಟೆ ಮೊಳಗೋದು. ವಾಚನ ಶುರುವಾಗುವಾಗ ಜನ ಬತ್ತಿ ಪಕ್ಕಕ್ಕಿಟ್ಟು ಕೂರಬೇಕು ಅಂತಲೂ ಇದೆ. ಲೈಟಿಲ್ಲದೆ ಬತ್ತಿ ಆರಿಸಿದ್ರೆ ಗುಂಡಿ ಕತ್ತಲು. ಆರಿಸದಿದ್ರೆ ಮಕ್ಕಳ ಕೈಯಲ್ಲಿ ಒಂದು ಗಂಟೆ ಉರಿಯೋ ಬತ್ತಿ. ಓದುವವರೂ ಸಾಲು ತಪ್ಪುತ್ತಾರೆ.

ಭಾವ: ಅರ್ಧ ಲೈಟು?

ಅತ್ತೆ: ಅದಕ್ಕೆ ಒಪ್ಪಬಹುದು ಅನ್ನಿಸುತ್ತೆ.

ಅಕ್ಕ: ನನಗೆ ಅನ್ನಿಸಲ್ಲ.

ದೊಡ್ಡಪ್ಪ: ಲೈಟಿನ ಮಾತು ಫಾದರ್ ಹತ್ರ ಹೋಗಲಿ. ಐದನೇದು ಚಿಕ್ಕದು: ಜ್ಞಾನಸ್ನಾನ ಪಡೆಯೋರು ಯಾರೂ ಇಲ್ಲ, ಜ್ಞಾನಸ್ನಾನದ ತೊಟ್ಟಿಯ ನೀರಿನ ಆಶೀರ್ವಾದವೂ ಇಲ್ಲ ಅಂದ್ರೆ ಪ್ರಾರ್ಥನಾಮಾಲೆ ಇಲ್ಲ. ಪ್ರೋಕ್ಷಣೆಯ ನೀರನ್ನ ಆಶೀರ್ವದಿಸಿ ಮುಂದಕ್ಕೆ ಹೋಗೋದು. ಎಲ್ಲರೂ ಜ್ಞಾನಸ್ನಾನದ ಪ್ರತಿಜ್ಞೆನ ಮತ್ತೆ ಹೇಳುವಾಗ ಬತ್ತಿ ಪುನಃ ಹಚ್ಚಬೇಕು, ಹಾಗಾಗಿ ಮೊದಲು ಆರಿಸಿದವನ್ನ ಯಾರೂ ಬುಟ್ಟಿಗೆ ಹಾಕಿಬಿಡಬಾರದು.

ಭಾವ: ಶುಭಸಂದೇಶದ ಮೆರವಣಿಗೆಗೆ ಆ ರಾತ್ರಿ ಬತ್ತಿ ಇಲ್ಲ, ಬರೀ ಧೂಪ. ಪೀಠ ಸೇವಕರು ಅಭ್ಯಾಸಬಲದಿಂದ ಎರಡು ಬತ್ತಿ ಹಿಡಿದು ಬಂದೇ ಬರ್ತಾರೆ. ಪುಟ್ಟ, ಕೇಳಿಸ್ತಾ?

ಪುಟ್ಟ: ಕೇಳಿಸ್ತು ಭಾವ.

ಚಿಕ್ಕಪ್ಪ: ಆ ಪಟ್ಟಿನ ನಾನಾಗಲೇ ಇನ್ನೂ ಮೂರು ಗುಂಪಿಗೆ ಹಾಕಿಬಿಟ್ಟಿದ್ದೀನಲ್ಲ.

ದೊಡ್ಡಪ್ಪ: ಆ ಮೂರಕ್ಕೂ ತಿದ್ದಿ ಹಾಕು. ಕತ್ತಲಾದ ಮೇಲೆ ಶುರು, ಹೊಸ ಬತ್ತಿ, ಹಳೆಯ ಒಡಂಬಡಿಕೆಯಿಂದ ಕನಿಷ್ಠ ಮೂರು ವಾಚನ, ಅದರಲ್ಲಿ ವಿಮೋಚನಕಾಂಡ 14 ಇರಲೇಬೇಕು.

ಅತ್ತೆ: ಲೈಟಿನ ಸಾಲು ಮುಟ್ಟಬೇಡ. ನಾನಿನ್ನೂ ಒಪ್ಪಿಲ್ಲ.