ಸಹಾಯ ಬೇಕು: ಚೈನ್‌ಸಾ ಸ್ಟಾರ್ಟ್ ಆಗುತ್ತಿಲ್ಲ, ಸ್ಪಾರ್ಕ್ ಪ್ಲಗ್ ಒಣಗಿಯೇ ಇರುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಗಾಳಿಮಳೆಗೆ ತೋಟದ ದಾರಿಗೆ ಅಡ್ಡ ಬಿದ್ದಿರುವ ಹಲಸಿನ ಮರವನ್ನು ತುಂಡರಿಸಲು ಮೊನ್ನೆ ಚೈನ್‌ಸಾ ಹೊರತೆಗೆದಾಗ, ಹಗ್ಗವನ್ನು ಎಷ್ಟು ಸಲ ಎಳೆದರೂ ಎಂಜಿನ್ ಹೊತ್ತಿಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಬಳಸಿದ ಮೇಲೆ ಟ್ಯಾಂಕ್ ಖಾಲಿ ಮಾಡದೆ ಅಟ್ಟಕ್ಕೆ ಏರಿಸಿದ್ದು ನನ್ನ ತಪ್ಪು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಂತೂ ತೇವಕ್ಕೆ ಕೊರತೆಯಿಲ್ಲ.

ಹಳೆಯ ಪೆಟ್ರೋಲ್ ತೆಗೆದು, ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿದ ಹೊಸ ಮಿಶ್ರಣ ಹಾಕಿದ್ದೇನೆ. ಏರ್ ಫಿಲ್ಟರ್ ಸ್ವಚ್ಛವಾಗಿದೆ. ಪ್ಲಗ್ ಬಿಚ್ಚಿ, ಅದನ್ನು ರಂಧ್ರದಿಂದ ದೂರದಲ್ಲಿ ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಚೋಕ್ ಹಾಕಿ ಹದಿನೈದು ಸಲ ಎಳೆದ ಮೇಲೂ ಪ್ಲಗ್ಗಿನ ತುದಿಯಲ್ಲಿ ಪೆಟ್ರೋಲಿನ ಪಸೆಯಿರುವುದಿಲ್ಲ. ಪ್ಲಗ್ಗಿನ ರಂಧ್ರಕ್ಕೆ ನಾಲ್ಕು ಹನಿ ಮಿಶ್ರಣ ಬಿಟ್ಟು ಎಳೆದರೆ ಎರಡು ಕ್ಷಣ ಓಡಿ ನಿಂತುಬಿಡುತ್ತದೆ. ಹಾಗಾಗಿ ಪೆಟ್ರೋಲ್ ಸಿಲಿಂಡರಿಗೆ ತಲುಪುತ್ತಿಲ್ಲವೆಂದು ನನ್ನ ತೀರ್ಮಾನ.

ರಿಪೇರಿಯವರೊಬ್ಬರು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರನ್ನೇ ಬದಲಿಸಬೇಕೆನ್ನುತ್ತಾರೆ. ಅದರೊಳಗಿನ ಡಯಾಫ್ರಮ್ (ಬಾಗುವ ತೆಳು ಪೊರೆ) ಗಟ್ಟಿಯಾಗಿದ್ದರೆ ಅದೊಂದನ್ನೇ ಬದಲಿಸಿದರೆ ಸಾಕಲ್ಲವೇ? ಅಥವಾ ಮೊದಲು ಟ್ಯಾಂಕಿನೊಳಗಿನ ಫಿಲ್ಟರ್, ಪೈಪು ಮತ್ತು ಟ್ಯಾಂಕಿಗೆ ಗಾಳಿ ಹೋಗುವ ದಾರಿಯನ್ನು ನೋಡಬೇಕೇ? ಅನುಭವವುಳ್ಳವರು ಬಿಚ್ಚುವ ಕ್ರಮವನ್ನೂ, ಡಯಾಫ್ರಮ್ ಕಿಟ್ ಶಿವಮೊಗ್ಗದಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ. ಅಡಿಕೆಯ ಕೊಳೆ ರೋಗಕ್ಕೆ ಈ ಸಲದ ಕೊನೆಯ ಬಾರಿ ಔಷಧಿ ಸಿಂಪಡಿಸಲು ತೋಟಕ್ಕೆ ಹೋಗಬೇಕಾದರೆ ಆ ದಾರಿ ತೆರವಾಗಲೇಬೇಕು.